ರಿಲೇಯ ಮೂರನೇ ಹುಡುಗಿ

ಚಾಮರಾಜನಗರದ ಮೈದಾನದಲ್ಲಿ ತಿರುವು ಮುಗಿದು ನೇರ ದಾರಿ ಶುರುವಾಗುವ ಜಾಗದಲ್ಲಿ ನನ್ನ ಬಲಗಾಲು ಮೇಲೇಳಲಿಲ್ಲ. ಆಗ ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಬೆಳಿಗ್ಗೆಯ ಅಭ್ಯಾಸದಲ್ಲಿ ಇನ್ನೂರು ಮೀಟರನ್ನು ಮೂರು ಸಲ ಓಡಿ ಮುಗಿಸಿ, ನಾಲ್ಕನೆಯದನ್ನು ಓಡುತ್ತಿದ್ದೆ. ಹೊಟ್ಟೆ ಮುಗಿದು ತೊಡೆ ಶುರುವಾಗುವ ಮಡಿಕೆಯಲ್ಲಿ ಯಾರೋ ಒಳಗಿನಿಂದ ದಾರ ಹಿಡಿದು ಜಗ್ಗಿದ ಹಾಗಾಯಿತು. ಇನ್ನೆರಡು ಹೆಜ್ಜೆ ಕಾಲೆಳೆದುಕೊಂಡು ಹೋಗಿ ಮಣ್ಣಿನ ಮೇಲೆ ಕುಳಿತೆ. ಕೂರುವಾಗ ಬಾಯಿಂದ ಒಂದು ಸದ್ದು ಬಂತು. ಚಿಕ್ಕದು, ಉಸಿರು ಒಳಕ್ಕೆಳೆದುಕೊಂಡೇ ಕೂಗಿದಂತಹುದು. ನೋವಿಗಿಂತ ಆ ಸದ್ದಿಗೆ ನಾನು ಹೆಚ್ಚು ಹೆದರಿದೆ. ಎರಡು ವರ್ಷದ ಹಿಂದೆ ಅದೇ ಸದ್ದನ್ನು ನನ್ನ ಬೆನ್ನ ಹಿಂದೆ ಕೇಳಿದ್ದೆ.

ಆಗ ನಾನು ಪಿಯುಸಿ ಓದುತ್ತಿದ್ದೆ. ನಾಲ್ಕು ಜನ ನೂರು ನೂರು ಮೀಟರು ಓಡುವ ರಿಲೇಯಲ್ಲಿ ನಾನು ಕೊನೆಯವಳು. ತಿರುವನ್ನು ಓಡಿ ಬಂದು ನನ್ನ ಕೈಗೆ ಬ್ಯಾಟನ್ ಕೊಡುವ ಮೂರನೆಯವಳು ಉಮ್ಮತ್ತೂರಿನ ಹುಡುಗಿ. ನನ್ನದು ಹಂಗಳ. ಹಾಸ್ಟೆಲಿನಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ ಇದ್ದವು. ನಮ್ಮಿಬ್ಬರ ಬ್ಯಾಟನ್ ಬದಲಾವಣೆ ಎಷ್ಟು ಪಳಗಿತ್ತೆಂದರೆ, ಅವಳು "ತಗೋ" ಅಂದರೆ ಸಾಕು, ನಾನು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುತ್ತಿದ್ದೆ.

ಸ್ಪರ್ಧೆಯ ಬೆಳಿಗ್ಗೆ ಅವಳು ನನ್ನನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು. ತೊಡೆಯ ಮಡಿಕೆಯ ಮೇಲೆ ಕೈ ಇಟ್ಟು ತೋರಿಸಿದಳು.

"ಇಲ್ಲಿ ಇಡ್ಕೊಂಡದೆ ಕಣಮ್ಮಿ. ಮೂರು ದಿವ್ಸ ಆಯ್ತು. ಸಾರ್‌ಗೆ ಯೋಳ್ಬುಡ್ಲಾ?"

"ಯೋಳ್ಬೇಡ," ಅಂದೆ. "ಯೋಳಿದ್ರೆ ನಿನ್ನ ತೆಗ್ದು ಇನ್ಯಾರ್ನೋ ಹಾಕ್ತಾರೆ. ಮೈ ಬಿಸಿ ಆದ್ಮೇಲೆ ಸರಿಹೋಯ್ತದೆ. ಓಡ್ಬುಡು."

ಅವಳ ಬದಲಿಗೆ ಬರುವ ಹುಡುಗಿಯ ಜೊತೆ ನಾನು ಅಭ್ಯಾಸ ಮಾಡಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಅವಳು ನನ್ನ ಮುಖ ನೋಡಿ, "ಸರಿ ಬುಡು" ಅಂದಳು.

ಓಟದಲ್ಲಿ ಅವಳು ತಿರುವನ್ನು ಎಲ್ಲರಿಗಿಂತ ಮುಂದೆ ದಾಟಿದಳು. "ತಗೋ" ಅಂದಳು. ಬ್ಯಾಟನ್ ನನ್ನ ಅಂಗೈಗೆ ಬಂದು ಕೂತಿತು. ಅದರ ಹಿಂದೆಯೇ ಆ ಸದ್ದು ಕೇಳಿಸಿತು. ನಾನು ಓಡಿದೆ. ನಾವು ಮೊದಲನೆಯವರಾದೆವು. ಗೆರೆ ದಾಟಿ ತಿರುಗಿ ನೋಡಿದಾಗ ಅವಳ ಸುತ್ತ ಜನ ನಿಂತಿದ್ದರು. ಯಾರೋ ನನ್ನನ್ನು ಎತ್ತಿಕೊಂಡರು, ಫೋಟೋ ತೆಗೆದರು. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನನಗೆ ಆಮೇಲೆ ಗೊತ್ತಾಯಿತು. ಅಲ್ಲಿಂದ ಅವಳು ಉಮ್ಮತ್ತೂರಿಗೆ ಹೋದಳು. ಪರೀಕ್ಷೆಗಷ್ಟೇ ಬಂದಳು. ಬಂದಾಗ ನಾನು ಬೇರೆ ಕೋಣೆಯಲ್ಲಿ ಕೂತು ಓದಿದೆ. ಆ ರಿಲೇಯ ಸರ್ಟಿಫಿಕೇಟು ಇಟ್ಟುಕೊಂಡೇ ನಾನು ಕ್ರೀಡಾ ಕೋಟಾದಲ್ಲಿ ಡಿಗ್ರಿಗೆ ಸೇರಿದ್ದು.

ಈಗ ನನ್ನ ಸರದಿ. ಪಿಯುಸಿಯಿಂದಲೂ ನಮ್ಮನ್ನು ಓಡಿಸುತ್ತಿದ್ದ ಅದೇ ಕೋಚ್ ಸಾರ್ ಬೈಕಿನಲ್ಲಿ ಕೂರಿಸಿಕೊಂಡು ಫಿಸಿಯೋಥೆರಪಿ ಮಾಡುವ ಮೇಡಂ ಹತ್ತಿರ ಕರೆದುಕೊಂಡು ಹೋದರು. ಮೇಡಂ ನನ್ನನ್ನು ಅಂಗಾತ ಮಲಗಿಸಿ, ಮೊಣಕಾಲಿನ ಮೇಲೆ ಅಂಗೈ ಒತ್ತಿ ಹಿಡಿದು, "ಕಾಲು ಎತ್ತು" ಅಂದರು. ಕಾಲು ನಡುಗಿತೇ ಹೊರತು ಮೇಲೇಳಲಿಲ್ಲ.

"ಇದು ಹಿಪ್ ಫ್ಲೆಕ್ಸರ್. ತೊಡೆ ಎತ್ತೋ ಸ್ನಾಯು," ಅಂದರು. "ಸ್ವಲ್ಪ ಹರಿದಿದೆ, ಪೂರ್ತಿ ಅಲ್ಲ. ಎಂಟು ವಾರ ಹೇಳ್ದ ಹಾಗೆ ಕೇಳಿದ್ರೆ ಓಡಬಹುದು. ಮೊದಲೇ ಎಲ್ಲಾದರೂ ನೋವಿತ್ತಾ?"

"ಇರ್ಲಿಲ್ಲ," ಅಂದೆ. ನಿಜವಾಗಿಯೂ ಇರಲಿಲ್ಲ. ಆದರೂ ಸುಳ್ಳು ಹೇಳಿದ ಹಾಗೆ ಮುಖ ಬಿಸಿಯಾಯಿತು.

ಊರಿಗೆ ಹೋಗಿ ಇರುವುದೆಂದಾಯಿತು. ಗುಂಡ್ಲುಪೇಟೆಯ ಬಸ್ಸಿನ ಮೊದಲ ಮೆಟ್ಟಿಲು ಅಷ್ಟು ಎತ್ತರ ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಬಲಗಾಲಿನ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಹಿಡಿದು, ಮೂಟೆ ಎತ್ತಿಡುವಂತೆ ಎತ್ತಿಟ್ಟೆ. ಹಿಂದೆ ನಿಂತಿದ್ದ ಹೆಂಗಸರು ಸುಮ್ಮನೆ ಕಾದರು. ಗುಂಡ್ಲುಪೇಟೆಯಲ್ಲಿ ಇಳಿದು ಹಂಗಳದ ಬಸ್ಸು ಹತ್ತುವಾಗಲೂ ಹಾಗೆಯೇ.

ಮನೆಯಲ್ಲಿ ಅವ್ವ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದಳು. ಮೊದಲ ದಿನಗಳಲ್ಲಿ ಬಿಸಿ ತಾಗಿಸಬಾರದು, ಉಜ್ಜಬಾರದು, ಐಸ್ ಇಡಬೇಕು ಅಂತ ಮೇಡಂ ಹೇಳಿದ್ದನ್ನು ತಿಳಿಸಿದೆ. ಅವ್ವ ಎಣ್ಣೆಯ ಬಟ್ಟಲನ್ನು ತೆಗೆದಿಟ್ಟು, ಐಸ್‌ಕ್ಯಾಂಡಿ ಮಾರುವ ಅಂಗಡಿಯಿಂದ ದಿನಾ ಮಂಜುಗಡ್ಡೆ ತರಿಸಿದಳು. ಮೊದಲ ವಾರ ಬರೀ ಮಲಗುವುದು. ಎರಡನೇ ವಾರದಿಂದ ಅಂಗೈಯನ್ನು ಮೊಣಕಾಲಿಗೆ ಒತ್ತಿ, ಕಾಲಿನಿಂದ ಅಂಗೈಯನ್ನು ತಳ್ಳುವುದು, ಹತ್ತು ಎಣಿಸುವುದು, ಬಿಡುವುದು. ಆಮೇಲೆ ಅಂಗಾತ ಮಲಗಿ ಸೊಂಟ ಎತ್ತುವುದು. ಆಮೇಲೆ ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಎಳೆಯುವುದು.

ಎಣಿಸುವಾಗ ಉಮ್ಮತ್ತೂರಿನ ಹುಡುಗಿ ಬರುತ್ತಿದ್ದಳು. ಕಣ್ಣಿಗೇನೂ ಕಾಣುತ್ತಿರಲಿಲ್ಲ. ಆದರೆ ಎಂಟು, ಒಂಬತ್ತು ಅನ್ನುವ ಹೊತ್ತಿಗೆ ಸ್ನಾಯು ಬಿಗಿದು ಉರಿಯುವಾಗ, ಇದೇ ಜಾಗ, ಇದೇ ಉರಿ, ಇದನ್ನು ಇಟ್ಟುಕೊಂಡು ಅವಳು ನೂರು ಮೀಟರ್ ಓಡಿದಳು ಅನ್ನಿಸುತ್ತಿತ್ತು. ನಾನೋ ಒಂದು ಮೆಟ್ಟಿಲು ಹತ್ತಲಾರದೆ ಕೂತಿದ್ದೆ. ಮೂರನೇ ವಾರ ನಡೆಯಲು ಶುರು ಮಾಡಿದೆ. ನಮ್ಮ ಹೊಲದ ಬದುವಿನ ಮೇಲೆ, ಬೀನ್ಸ್ ಸಾಲುಗಳ ಪಕ್ಕ, ಅತ್ತಿಂದಿತ್ತ. ನಡೆಯುವಾಗ ಹಿಂದಿನಿಂದ ಓಡಿ ಬರುವ ಹೆಜ್ಜೆ ಕೇಳಿಸುತ್ತಿತ್ತು. ಅಡಿಗೆ ಮೊಳೆಗಳಿರುವ ಸ್ಪೈಕ್ ಶೂ ಮಣ್ಣನ್ನು ಕಚ್ಚುವ ಸದ್ದು, ಹತ್ತಿರ, ಇನ್ನೂ ಹತ್ತಿರ. ನನ್ನ ಬಲಗೈ ತನ್ನಷ್ಟಕ್ಕೆ ಹಿಂದಕ್ಕೆ ಚಾಚಿಕೊಳ್ಳುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ.

ಕಳೆ ಕೀಳುತ್ತಿದ್ದ ಅವ್ವ ಒಂದು ದಿನ ಕೇಳಿದಳು. "ಆಗ್ಲಿಂದ ಯಾರ್ನ ತಿರುಗ್ ತಿರುಗಿ ನೋಡ್ತಿದ್ದೀಯಮ್ಮಿ?"

"ಹಂದಿ ಬಂತೇನೋ ಅಂತ," ಅಂದೆ. ಕಾಡು ಹತ್ತಿರವಿರುವ ಊರು, ಅವ್ವ ನಂಬಿದಳು.

ಐದನೇ ವಾರಕ್ಕೆ ನೋವು ಹೋಯಿತು. ಆರನೇ ವಾರದಲ್ಲಿ ಮೆಲ್ಲಗೆ ಓಡಿದೆ, ಏನೂ ಆಗಲಿಲ್ಲ. ಮೇಡಂ ಇನ್ನೂ ವೇಗದ ಓಟಕ್ಕೆ ಒಪ್ಪಿರಲಿಲ್ಲ. ನಾನು ಅವರಿಗೆ ಹೇಳದೆ ಮೈದಾನಕ್ಕೆ ಹೋಗಿ ಒಂದು ಸಲ ಜೋರಾಗಿ ಓಡಿ ನೋಡುವುದೆಂದು ನಿರ್ಧರಿಸಿ, ಬ್ಯಾಗಿನಲ್ಲಿ ಸ್ಪೈಕ್ ಹಾಕಿಕೊಂಡು ಚಾಮರಾಜನಗರಕ್ಕೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಪಕ್ಕದಲ್ಲೇ ಉಮ್ಮತ್ತೂರಿನ ಬಸ್ಸು ನಿಂತಿತ್ತು. ಎಷ್ಟೋ ಸಲ ಅದರ ಪಕ್ಕ ತಲೆ ತಗ್ಗಿಸಿಕೊಂಡು ಹೋಗಿದ್ದೆ. ಅವತ್ತು ಹತ್ತಿದೆ. ಧೈರ್ಯ ಅಂತ ಹೇಳಲಾರೆ. ಆ ಹೆಜ್ಜೆ ಸದ್ದನ್ನು ಕೇಳಿ ಕೇಳಿ ಸಾಕಾಗಿತ್ತು.

ಅವಳು ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತಾಳೆಂದು ಅಂಗಡಿಯವರು ಹೇಳಿದರು. ಹೋದಾಗ ಕ್ಯಾನುಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡಳು. ನಾನು ಒಳಗೆ ಬರಲು ಹೊಸ್ತಿಲಿಗೆ ಕಾಲೆತ್ತಿದ ರೀತಿ ನೋಡಿಯೇ, "ಬಲಗಾಲಾ?" ಅಂದಳು.

ಹೂಂ ಅಂದೆ. ಇಬ್ಬರೂ ಡೇರಿಯ ಜಗಲಿಯ ಮೇಲೆ ಕೂತೆವು. ಎರಡು ವರ್ಷದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಮಾತನ್ನು ಹೇಳಿದೆ. "ಅವತ್ತು ಸಾರ್‌ಗೆ ಯೋಳ್ಬೇಡ ಅಂದೋಳು ನಾನು. ನಂದೇ ತಪ್ಪು."

ಅವಳು ಕ್ಯಾನುಗಳ ಕಡೆ ನೋಡುತ್ತಿದ್ದಳು. "ನೀ ಅಂದೆ, ದಿಟ. ಆದ್ರೆ ಓಡ್ದೋಳು ನಾನು ತಾನೆ. ನಂಗೂ ಓಡ್ಬೇಕು ಅಂತಾನೇ ಇತ್ತು. ನಂಗೆ ಬೇಜಾರಾಗಿದ್ದು ಅದ್ಕಲ್ಲ."

"ಮತ್ತೆ?"

"ಆಸ್ಪತ್ರೇಲಿ ಸಂಜೆಗಂಟ ಬಾಗ್ಲು ನೋಡ್ಕೊಂಡು ಮಲಗಿದ್ದೆ. ಮೆಡಲ್ಲು ತಗೊಂಡು ಸೀದಾ ಬತ್ತಾಳೆ ಅನ್ಕೊಂಡಿದ್ದೆ. ಬಾಕಿ ಇಬ್ರೂ ಬಂದ್ರು. ನೀ ಬರ್ನಿಲ್ಲ."

ಎರಡು ವರ್ಷ ಒಂದು ತಪ್ಪನ್ನು ಹೊತ್ತುಕೊಂಡು ತಿರುಗಿದ್ದೆ. ಅವಳಿಗೆ ನೋವಾಗಿದ್ದದ್ದು ಇನ್ನೊಂದರಿಂದ. ಅದನ್ನು ನಾನು ತಪ್ಪುಗಳ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೆದರಿಕೊಂಡು ಬರಲಿಲ್ಲ ಅಂತ ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಅವಳು ಅಳುತ್ತಿರಲಿಲ್ಲ, ಸಿಟ್ಟೂ ಕಾಣಿಸಲಿಲ್ಲ. ಅದರಿಂದ ನನಗೆ ಇನ್ನೂ ಕಷ್ಟವಾಯಿತು.

ಅವಳೇ ಕೇಳಿದಳು. "ಎಷ್ಟು ವಾರ ಆಯ್ತು?"

"ಆರು. ಈಗ ನೋವೇ ಇಲ್ಲ. ಇವತ್ತು ಜೋರಾಗಿ ಓಡಿ ನೋಡನ ಅಂತ ಸ್ಪೈಕ್ ತಂದಿದ್ದೀನಿ."

ಅವಳು ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದಳು. "ಓಡ್ಬೇಡ. ನಂಗೂ ಆರ್ನೇ ವಾರಕ್ಕೆ ನೋವು ಓಗಿತ್ತು. ಇಲ್ಲೇ ಕೆರೆ ಅಂಗಳದಲ್ಲಿ ಒಬ್ಳೇ ಓಡ್ದೆ. ಎಲ್ರಿಗೂ ತೋರುಸ್ಬೇಕಿತ್ತು. ನಾಕ್ನೇ ಹೆಜ್ಜೆಗೆ ಮೊದ್ಲಿಗಿಂತ ಜಾಸ್ತಿ ಅರಿದೋಯ್ತು. ಆಮೇಲೆ ನಾನು ಓಡೇ ಇಲ್ಲ."

ಅವಳು ಎರಡನೇ ಸಲ ಬಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಯಾರೂ ನೋಡದ ಜಾಗದಲ್ಲಿ ಬಿದ್ದು, ಒಬ್ಬಳೇ ಎದ್ದು ಮನೆಗೆ ಹೋಗಿದ್ದಳು. ಹಾಲು ಹಾಕುವವರು ಬರುವ ಹೊತ್ತಾಯಿತೆಂದು ಅವಳು ಜಗಲಿಯಿಂದ ಎದ್ದಳು. ಒಳಗೆ ಹೋಗುವ ಮೂರು ಮೆಟ್ಟಿಲು ಹತ್ತುವಾಗ ಗೋಡೆಗೆ ಕೈ ಕೊಟ್ಟಳು. ನಾನು ಸ್ಪೈಕ್ ಹೊರಗೆ ತೆಗೆಯದೆ ಹಂಗಳಕ್ಕೆ ವಾಪಸಾದೆ.

ಎಂಟು ವಾರ ಅಂದದ್ದು ಹತ್ತಾಯಿತು. ಮೇಡಂ ಹೇಳಿದಂತೆ ಮೊದಲು ಅರ್ಧ ವೇಗ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಕೋಚ್ ಸಾರ್‌ಗೆ ರಿಲೇಯ ಆ ಬೆಳಿಗ್ಗೆ ನಾನಾಡಿದ ಮಾತನ್ನೂ ಹೇಳಿದೆ. ಅವರು ಬಹಳ ಹೊತ್ತು ವಾಚಿನ ಪಟ್ಟಿಯನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದು, "ಅವಳು ನನ್ನತ್ರ ಬರೋ ಹಂಗೆ ನಾನೂ ಇರ್ಬೇಕಿತ್ತು" ಅಂದರು. ಮುಂದಿನ ವರ್ಷ ಇನ್ನೂರು ಮೀಟರಿನಲ್ಲಿ ನಾಲ್ಕನೆಯವಳಾದೆ. ಕಾಲು ಈಗ ಗಟ್ಟಿಯಿದೆ. ಆದರೆ ತಿರುವು ಮುಗಿಯುವ ಜಾಗದಲ್ಲಿ ಹೆಜ್ಜೆ ಒಂದಿಷ್ಟು ಚಿಕ್ಕದಾಗುತ್ತದೆ. ಸಾರ್ ವಿಡಿಯೋ ತೋರಿಸಿ ತಿದ್ದಲು ನೋಡಿದರು, ಆಗಲಿಲ್ಲ. ರಿಲೇಗೆ ಹೆಸರು ಕೊಡುವುದಿಲ್ಲ. ಹಿಂದಿನಿಂದ ಯಾರಾದರೂ ಓಡಿ ಬಂದರೆ ಈಗಲೂ ನನ್ನ ಬೆನ್ನು ತಣ್ಣಗಾಗುತ್ತದೆ.

ಅವಳು ಆಗಾಗ ಫೋನ್ ಮಾಡುತ್ತಾಳೆ. ಒಂದು ಹಸು ಕಟ್ಟಿದ್ದಾಳೆ. ಅದು ಕರು ಹಾಕಿದ್ದು, ಕರುವಿಗೆ ಹಣೆಯಲ್ಲಿ ಬಿಳಿ ಮಚ್ಚೆ ಇರುವುದು, ಹಾಲಿನ ಫ್ಯಾಟು ಕಡಿಮೆ ಬರುತ್ತಿರುವುದು, ಎಲ್ಲಾ ಹೇಳುತ್ತಾಳೆ. ನಾನು ನಮ್ಮ ಕಡೆ ಬೀನ್ಸ್ ಹೇಗಿದೆ ಅಂತ ಹೇಳುತ್ತೇನೆ. ಓಟದ ಮಾತನ್ನು ಅವಳು ಕೇಳುವುದಿಲ್ಲ, ನಾನೂ ಎತ್ತುವುದಿಲ್ಲ. ಕೆಲವೊಮ್ಮೆ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುವುದಿಲ್ಲ. ಆಮೇಲೆ ಅವಳೇ, "ಇಡ್ತೀನಿ ಕಣಮ್ಮಿ, ಹಾಲು ಕರೀಬೇಕು" ಅನ್ನುತ್ತಾಳೆ.