ಎಲೆಬಳ್ಳಿ ಇಳಿಸುವ ಕಾಲ

ಊಟವಾದ ಮೇಲೆ ನೆರಳಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿಕೊಳ್ಳುವ ನಿಮಗೆ, ಆ ಎಲೆಯ ತಾಯಿಬಳ್ಳಿಯನ್ನು ವರ್ಷಕ್ಕೊಮ್ಮೆ ಮರದಿಂದ ಇಳಿಸಿ ಮಣ್ಣಲ್ಲಿ ಹೂಳುತ್ತಾರೆಂಬುದು ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿದ್ದರೆ ಒಳ್ಳೆಯದೇ ಆಯಿತು, ನಿಮ್ಮ ಸೊಂಟ ಉಳಿಯಿತು. ಶೇಡಬಾಳದ ನಮ್ಮ ಎಲೆತೋಟದಲ್ಲಿ ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಈ ಕೆಲಸ ಮುಗಿಯಬೇಕಿತ್ತು. ನುಗ್ಗೆಮರ ಹಿಡಿದು ಏರಿದ ಬಳ್ಳಿಯ ಕಟ್ಟು ಬಿಚ್ಚಿ, ಮುರಿಯದಂತೆ ತೋಳಮೇಲೆ ಇಳಿಸಿಕೊಂಡು, ಎಲೆ ಕಳೆದುಕೊಂಡ ಬುಡವನ್ನು ಸಿಂಬೆಯಂತೆ ಸುತ್ತಿ, ಕುಣಿಯಲ್ಲಿಟ್ಟು, ಹೊಸ ಮಣ್ಣು ಗೊಬ್ಬರ ಮುಚ್ಚಿ, ತುದಿಯನ್ನಷ್ಟೇ ಮತ್ತೆ ಮರಕ್ಕೆ ಕಟ್ಟಬೇಕು. ಮುದಿಬಳ್ಳಿ ಹೀಗೆ ಹೊಸ ಬೇರು ಬಿಟ್ಟು ಮರಳಿ ಹರೆಯಕ್ಕೆ ಬರುತ್ತದೆ. ಮನುಷ್ಯರಿಗೂ ಈ ಸೌಲಭ್ಯ ಇದ್ದಿದ್ದರೆ ನಮ್ಮ ಆಯಿಯನ್ನು ನಾನೇ ಸುತ್ತಿ ಹೂಳುತ್ತಿದ್ದೆ.

ಆಯಿ, ಅಂದರೆ ಅಪ್ಪನ ತಾಯಿ, ತೋಟದ ಮಡಿಯ ಕಾವಲುಗಾರ್ತಿ. ಎಲೆತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ; ಮುಟ್ಟಾದ ಹೆಂಗಸರು ಕಾಲಿಡುವಂತೆಯೇ ಇರಲಿಲ್ಲ, ಇಟ್ಟರೆ ಬಳ್ಳಿ ಒಣಗುತ್ತದೆಂಬ ನಂಬಿಕೆ. ಉಳಿದವರು ಇದನ್ನು ಶಿಕ್ಷೆ ಎಂದುಕೊಂಡಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಬುದ್ಧಿಗೆ ಇದು ರಜೆ ಎಂದು ಹೊಳೆಯಿತು. ಬಳ್ಳಿ ಇಳಿಸುವ ಕೆಲಸ ಶುರುವಾಯಿತೆಂದರೆ ನಾನು ಮುಟ್ಟಾದೆನೆಂದು ಹೇಳಿ ಹೊರಗೆ ಕೂತುಬಿಡುತ್ತಿದ್ದೆ. ನನ್ನ ಪಾಲಿನ ಸಾಲುಗಳನ್ನೂ ತಂಗಿ ಸುಶೀಲಾ ಮಾಡುತ್ತಿದ್ದಳು. ಅವಳಿಗೆ ಆ ತೋಟವೆಂದರೆ ಜೀವ. ಬಳ್ಳಿಯನ್ನು ತೋಳಿಗೆ ತೆಗೆದುಕೊಂಡರೆ ಕೂಸನ್ನು ಎತ್ತಿಕೊಂಡಂತೆ ಕಾಣುತ್ತಿತ್ತು.

"ಯಾಕ ಬೇ, ಬಳ್ಳಿ ಇಳಿಸೂದು ನಿನ್ನ ಹೊಟ್ಟಿಗಿ ಹೆಂಗ ಗೊತ್ತಾಗ್ತೈತಿ?" ಎಂದು ಆಯಿ ಒಮ್ಮೆ ಕೇಳಿದಳು.

"ದೇವರ ಆಟ, ಆಯಿ," ಎಂದೆ.

ದೇವರು ಆಟವನ್ನೇ ಆಡಿದ. ಎಂಬತ್ತರ ದಶಕದ ಒಂದು ವರ್ಷ, ಸುಳ್ಳು ರಜೆ ಮುಗಿಸಿ, ತಲೆಗೆ ನೀರು ಹಾಕಿಕೊಂಡು ತೋಟಕ್ಕಿಳಿದ ಮರುದಿನವೇ ನಿಜವಾಗಿ ಮುಟ್ಟಾದೆ. ಹೇಳಿದರೆ ಹಿಂದಿನದೆಲ್ಲ ಸುಳ್ಳೆಂದು ಗೊತ್ತಾಗುತ್ತದೆ. ಬಾಯಿ ಮುಚ್ಚಿಕೊಂಡು ಬಾವಿಯ ಕಡೆಯ ಸಾಲುಗಳಲ್ಲಿ ಬಳ್ಳಿ ಹೂತೆ.

ಬಿಸಿಲು ಬಲಿತ ಮೇಲೆ ಒಂದು ಸಾಲು ಸೊರಗಿ ಒಣಗಿತು. ನಾನು ಹೂತ ಸಾಲಲ್ಲ, ಸುಶೀಲಾ ಹೂತದ್ದು. ನೀರು ನಿಂತು ಬುಡ ಕೊಳೆತಿತ್ತು, ಅಷ್ಟೇ. ನಾನು ಮುಟ್ಟಿದ ಬಳ್ಳಿಗಳೋ, ರೊಟ್ಟಿಯಗಲದ ಎಲೆ ಬಿಟ್ಟು ನಗುತ್ತಿದ್ದವು. ಬಳ್ಳಿಗೆ ಶಾಸ್ತ್ರ ಗೊತ್ತಿರಲಿಲ್ಲ; ಆಯಿಗೆ ಗೊತ್ತಿತ್ತು. ಅವಳ ಲೆಕ್ಕದಲ್ಲಿ, ಬಳ್ಳಿ ಹೂಳುವಾಗ ನಾನು ಆಗಷ್ಟೇ ಮಿಂದು ಮಡಿಯಾದವಳು. ಉಳಿದವಳು ಸುಶೀಲಾ.

"ಮುಚ್ಚಿಟ್ಕೊಂಡ ಒಳಗ ಹೋಗಿದ್ದಿ, ಹೌದಿಲ್ಲೋ?"

"ಇಲ್ಲ ಆಯಿ, ಬಳ್ಳಿ ಆಣಿ."

"ಸತ್ತ ಬಳ್ಳಿ ಮ್ಯಾಲ ಆಣಿ ಮಾಡ್ತೀ ಏನ ಬೇ?"

ಸುಶೀಲಾ ನನ್ನ ಕಡೆ ನೋಡಿದಳು. ನಾನು ಮೊರದಲ್ಲಿ ಕಲ್ಲು ಹುಡುಕುತ್ತಿದ್ದೆ. ಅಂದಿನಷ್ಟು ಹಸನಾಗಿ ಜೋಳವನ್ನು ನಾನೆಂದೂ ಆರಿಸಿಲ್ಲ. ಅವತ್ತಿನಿಂದ ಆಯಿ ಅವಳನ್ನು ತೋಟದೊಳಗೆ ಬಿಡಲಿಲ್ಲ. ಮದುವೆಯಾಗಿ ರಾಯಬಾಗಕ್ಕೆ ಹೋಗುವತನಕ ಅವಳು ಬುತ್ತಿ ತಂದು ಬದುವಿನ ಮೇಲಿಟ್ಟು, ಕೂಗಿ, ತಿರುಗಿ ಹೋಗುತ್ತಿದ್ದಳು.

ಮಡಿಯನ್ನು ನಂಬುವವರನ್ನು ಕಂಡು ನಾನು ಬಾಯ್ತುಂಬ ನಗುತ್ತಿದ್ದೆ. ಆದರೆ ನೀವೇ ನೋಡಿ, ನಂಬಿದವರಿಗಿಂತ ಹೆಚ್ಚಾಗಿ ಅದನ್ನು ಬಳಸಿಕೊಂಡವಳು ನಂಬದ ನಾನೇ. ಆಯಿ ಹೆದರಿ ಕ್ರೂರಿಯಾಗಿದ್ದಳು, ನಾನು ಹಾಯಾಗಿ.

ಆಯಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ತೊಂಬತ್ತರ ದಶಕದಲ್ಲಿ, ಬಳ್ಳಿ ಇಳಿಸುವ ಹಂಗಾಮಿನಲ್ಲೇ ರಾಯಬಾಗಕ್ಕೆ ಹೋದೆ. ಸುಶೀಲಾಳ ಬಚ್ಚಲಿನ ಹಿಂದೆ, ನುಗ್ಗೆಗಿಡಕ್ಕೆ ಹಬ್ಬಿದ ಒಂದೇ ಒಂದು ಎಲೆಬಳ್ಳಿ. ಅವಳು ಅದನ್ನು ಇಳಿಸುತ್ತಿದ್ದಳು. ನೋಡುತ್ತ ನಿಲ್ಲಲಾಗದೆ ಎಲ್ಲ ಹೇಳಿಬಿಟ್ಟೆ.

"ಗೊತ್ತೈತಿ ಬಿಡ," ಎಂದಳು, ಕೈ ನಿಲ್ಲಿಸದೆ. "ಬ್ಯಾಲಿ ಮ್ಯಾಲ ಒಣಾಕ ಹಾಕಿದ್ದ ನಿನ್ನ ಮುಟ್ಟಿನ ಅರಬಿ ನೋಡಿದ್ನಿ."

"ಹಂಗಾರ ಅವತ್ತ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಹಾದಿ ನೋಡಿದ್ನಿ."

ಬಳ್ಳಿಯ ಬುಡವನ್ನು ಸುತ್ತಿ ಕುಣಿಯಲ್ಲಿಟ್ಟು ಅವಳು ಕೈ ಕೊಡವಿದಳು. "ಈಗ ನನಗ ಹೇಳಿ ಏನ ಮಾಡ್ತಿ? ಅಪ್ಪಗ ಹೇಳ್, ಹೋಗ್."

ಹೇಳಿದೆ. ಊರಿಗೆ ಮರಳಿ, ತೋಟದಲ್ಲಿ ಆಳುಗಳ ಎದುರಿಗೇ ಹೇಳಿದೆ. ಅವರು ಮುಸಿಮುಸಿ ನಕ್ಕರು, ಅಪ್ಪ ನಗಲಿಲ್ಲ. ತೋಳ ಮೇಲಿದ್ದ ಬಳ್ಳಿಯನ್ನು ಮೆಲ್ಲಗೆ ನೆಲಕ್ಕಿಟ್ಟು, "ಅಕಿನ್ನ ಕರ್ಕೊಂಡ ಬಾ," ಎಂದ.

ಸುಶೀಲಾ ಬಂದಳು. ಬದುವಿನಲ್ಲಿ ಚಪ್ಪಲಿ ಬಿಟ್ಟು, ಒಂದು ಗಳಿಗೆ ನಿಂತು, ಒಳಗೆ ಕಾಲಿಟ್ಟಳು. ಅಪ್ಪ ಅವಳ ಮುಖ ನೋಡಲಾರದೆ ಒಂದು ಬಳ್ಳಿಯ ಕಟ್ಟು ಬಿಚ್ಚಿ ಅವಳ ತೋಳಿಗೆ ಇಳಿಸಿದ. ಇಬ್ಬರೂ ಸಾಲಿನೊಳಗೆ ಹೋಗುತ್ತ ಹೋಗುತ್ತ ಎಲೆಗಳಲ್ಲಿ ಮರೆಯಾದರು. ಕುಣಿ ತೋಡುವ ಸದ್ದು, ನಡುನಡುವೆ ಅವಳ ಮಾತು, ಎಲ್ಲ ಕೇಳುತ್ತಿತ್ತು. ಯಾರಾದರೂ ನನ್ನನ್ನೂ ಕೆಲಸಕ್ಕೆ ಕರೆಯಲಿ ಎಂದು ಸಂಜೆಯತನಕ ಬದುವಿನ ಮೇಲೆ ಕೂತಿದ್ದೆ.