ಗಲಗಲಿ ಬಸ್ಸಿನ ಪರೀಕ್ಷೆ

ಎಪ್ಪತ್ತರ ದಶಕದ ಕೊನೆಯ ಮಾತು. ಬಿ.ಎ. ಪರೀಕ್ಷೆ ಬರೆದು ಕೈಕಟ್ಟಿ ಕೂತಿದ್ದ ನನಗೂ ಕಾಕನ ಮಗಳಾದ ನನ್ನ ತಂಗಿಗೂ ಸರಕಾರಿ ಬಸ್ ಆಫೀಸಿನಿಂದ ಒಂದು ವಾರದ ಕೆಲಸ ಸಿಕ್ಕಿತು. ಜಮಖಂಡಿಯಿಂದ ಗಲಗಲಿಗೆ ಹೋಗಿಬರುವ ಬಸ್ಸಿನಲ್ಲಿ ಕೂತು ಹತ್ತುವವರನ್ನು ಎಣಿಸುವುದು. ಬಸ್ಸು ಹೊತ್ತಿಗೆ ಬರುತ್ತದೆಯೇ, ಸೀಟು ಹೇಗಿವೆ, ಕಂಡಕ್ಟರು ಹೇಗೆ ಮಾತಾಡುತ್ತಾರೆ ಎಂದು ಜನರನ್ನು ಕೇಳಿ ಬರೆದುಕೊಳ್ಳುವುದು.

“ಬಸ್ಸಿನ್ಯಾಗ ಕೂತದ್ದಕ್ಕ ಪಗಾರ ಕೊಡ್ತಾರ?” ಎಂದು ನಮ್ಮವ್ವ ಸಂಶಯಪಟ್ಟಳು.

“ಸರಕಾರಿ ಕೆಲಸ ಅಂದ್ರ ಹಂಗ ಇರ್ತದ ಬಿಡ್ರಿ ವೈನಿ,” ಎಂದರು ಕಾಕಾ.

ಅಲ್ಲಿಯವರೆಗೆ ಮನೆಯ ಗಂಡಸರಿಲ್ಲದೆ ನಾವು ಬಸ್ಸು ಹತ್ತಿದವರೇ ಅಲ್ಲ. ಸೀರೆಗೆ ಬಿಲ್ಲೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಕಾಲು ನೆಲದ ಮೇಲಿರಲಿಲ್ಲ. ನನ್ನ ತಂಗಿಗಂತೂ ನಗು ಹತ್ತಿದರೆ ನಿಲ್ಲುತ್ತಿರಲಿಲ್ಲ. ಅದು ನನಗೂ ಅಂಟುತ್ತಿತ್ತು.

ಮೊದಲ ದಿನ ಬಸ್ಸು ಅರ್ಧ ಖಾಲಿ. ಆದರೂ ಕಂಡಕ್ಟರು ರೂಢಿಯಂತೆ “ಮುಂದ ಸರೀರಿ, ಮುಂದ ಸರೀರಿ” ಎಂದು ಖಾಲಿ ಜಾಗಕ್ಕೆ ಗದರುತ್ತಿದ್ದರು. ಊರಿಗೆ ಮರಳುತ್ತಿದ್ದ ಗಲಗಲಿಯ ಮುದುಕಿಯೊಬ್ಬಳು ನಮ್ಮನ್ನೇ ನೋಡುತ್ತಿದ್ದಳು.

“ಯಾಕವಾ ತಂಗಿ, ಕುರಿ ಎಣಿಸಿದಂಗ ಎಣಿಸಾಕತ್ತೀಯಲ್ಲ ನಮ್ಮನ್ನ?”

ನಮಗೂ ಕಾರಣ ಸರಿಯಾಗಿ ಗೊತ್ತಿರಲಿಲ್ಲ. ನನ್ನ ತಂಗಿ ಬಾಯಿಗೆ ಬಂದದ್ದು ಅಂದಳು: “ಮಂದಿ ಕಡಿಮಿ ಇದ್ರ ಬಸ್ ಬಂದ್ ಮಾಡ್ತಾರೇನೋ, ಆಯಿ.”

“ಬಂದ್? ಅಗದಿ ಬಂದ್?”

ಗಲಗಲಿಯಲ್ಲಿ ಇಳಿದ ಮುದುಕಿ ಮನೆಯ ಹಾದಿ ಬಿಟ್ಟು, ಬೇವಿನ ಗಿಡದ ಕಟ್ಟೆಯಲ್ಲಿ ಕೂತವರ ಕಡೆಗೆ ಬಿರಬಿರನೆ ನಡೆದಳು.

ಮರುದಿನ ಬೆಳಿಗ್ಗೆ ಗಲಗಲಿಯಲ್ಲಿ ಬಸ್ಸು ತಿರುಗಿ ನಿಂತಾಗ ಎದುರಿಗೆ ಅಷ್ಟು ಜನ! ಮದುವೆಯ ದಿಬ್ಬಣವೆಂದುಕೊಂಡೆ, ಆದರೆ ಮದುಮಗ ಕಾಣಲಿಲ್ಲ. ಹೆಂಗಸರು ಪೆಟ್ಟಿಗೆಯ ಸೀರೆ ಉಟ್ಟಿದ್ದರು. ಗಂಡಸರು ಹೊಸ ಪಟಗಾ ಸುತ್ತಿದ್ದರು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ನಾನು ಎಣಿಸುತ್ತ ಹೋದೆ, ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ, ಮತ್ತೆ ತಪ್ಪಿತು.

ಕಬ್ಬಿನ ತುಂಡು ಹಿಡಿದು ಕೂತಿದ್ದ ಹಿರಿಯನೊಬ್ಬನನ್ನು ಕೇಳಿದೆ: “ಯಾವ ಕೆಲಸಕ್ಕ ಹೊಂಟೀರಿ, ಅಜ್ಜಾರ?”

ಅವನು ಪಕ್ಕದವನ ಕಡೆ ತಿರುಗಿದ. “ಏನಂತ ಹೇಳೂಣಲೇ?”

“ದವಾಖಾನಿ ಅನ್ನು.”

“ಹಾಂ, ದವಾಖಾನಿಗ್ರಿ. ಭಾಳ ಆರಾಮಿಲ್ಲ ನನಗ,” ಎಂದವನೇ ಕಬ್ಬಿನ ಸಿಪ್ಪೆಯನ್ನು ಹಲ್ಲಿನಿಂದ ಪರ್ರನೆ ಸಿಗಿದ. ಅವನ ಹಿಂದಿನವರೆಲ್ಲ ಅದನ್ನೇ ಹಿಡಿದುಕೊಂಡರು. ದವಾಖಾನಿ, ದವಾಖಾನಿ, ದವಾಖಾನಿ.

“ಕಂಡಕ್ಟರು ಹೆಂಗ ಮಾತಾಡ್ತಾರ್ರಿ?” ಎಂದರೆ ಹೆಂಗಸರೆಲ್ಲ ಒಂದೇ ದನಿಯಲ್ಲಿ, “ಬಂಗಾರದಂಥ ಮನಶ್ಯಾರಿ!” ಜನ್ಮದಲ್ಲಿ ಅಂಥ ಮಾತು ಕೇಳದ ಕಂಡಕ್ಟರು, ಯಾರನ್ನು ಅನ್ನುತ್ತಿದ್ದಾರೆಂದು ಹಿಂದಕ್ಕೆ ತಿರುಗಿ ನೋಡಿದರು. ಬಾಗಿಲ ಬಳಿ ಒಂಟಿಗಾಲಲ್ಲಿ ನಿಂತು, ಇನ್ನೊಬ್ಬರ ಕಂಕುಳಲ್ಲಿ ಮುಖವಿಟ್ಟಿದ್ದವನನ್ನು ನನ್ನ ತಂಗಿ ಸೀಟಿನ ಬಗ್ಗೆ ಕೇಳಿದಳು. “ಸೀಟು ಅಗದಿ ಛಲೋ ಅದಾವ್ರಿ,” ಎಂದ ಪಾಪ. ಅವಳು ಪೆನ್ಸಿಲ್ ಕೆಳಗೆ ಬೀಳಿಸಿ ನಗತೊಡಗಿದಳು.

ಏರಿನಲ್ಲಿ ಬಸ್ಸು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಎಲ್ಲರೂ ಇಳಿದು ನೂಕಿದರು. ಎಲ್ಲರಿಗಿಂತ ಜೋರಾಗಿ ನೂಕಿದವನು ಆರಾಮಿಲ್ಲದ ಕಬ್ಬಿನಜ್ಜನೇ.

“ಇಳದವರನ್ನ ಕಳೀಬೇಕೇನ?” ಎಂದು ನನ್ನ ತಂಗಿ ಏದುಸಿರಲ್ಲಿ ಕೇಳಿದಳು.

“ಮತ್ತ ಹತ್ತಿದಾಗ ಕೂಡಸಬೇಕೇನ?” ಎಂದೆ ನಾನು. ಇಬ್ಬರೂ ರಸ್ತೆಯ ಬದಿಗೆ ಕೂತು ಪಕ್ಕೆ ಹಿಡಿದುಕೊಂಡು ನಕ್ಕೆವು. ಬಸ್ಸು ಹೊರಟಾಗ ಓಡಿ ಹತ್ತಬೇಕಾಯಿತು.

ಜಮಖಂಡಿಯಲ್ಲಿ ಇಳಿದ ಮೇಲೆ ಯಾರಿಗೂ ಎಲ್ಲಿ ಹೋಗಬೇಕೆಂದು ತಿಳಿಯದು. “ಬರೂದೇನೋ ಬಂದಿವಿ, ಈಗೇನು ಮಾಡೂದು?” ಎಂದ ಕಬ್ಬಿನಜ್ಜ. ಕೆಲವರು ಮಿರ್ಚಿ ಭಜಿಯ ಅಂಗಡಿಗೆ ನುಗ್ಗಿದರು, ಕೆಲವರು ಬಳೆ ಇಡಿಸಿಕೊಳ್ಳಲು ಹೋದರು. ಮೊದಲ ದಿನದ ಆ ಮುದುಕಿ ಮಾತ್ರ ಅಲ್ಲೇ ನಿಂತಿದ್ದಳು.

“ನಮ್ಮ ತಂಗಿ ಇದೇ ಊರಾಗ ಇರತಾಳ,” ಎಂದಳು ನಾವು ಕೇಳಿದಾಗ. “ಮಾತು ಬಿಟ್ಟೇವಿ. ತನ್ನ ಮಗಳ ಲಗ್ನದಾಗ ನನಗ ಹಲಕಾ ಸೀರಿ ಉಡಿಸಿದಳು.”

“ಈಗ ಹೋಗಿ ಬರ್ರಿ ಆಯಿ.”

“ಏನಂತ ಹೋಗಲಿ?”

“ಬಸ್ ತುಂಬಸಾಕ ಬಂದಿದ್ದೆ ಅನ್ರಿ,” ಎಂದಳು ನನ್ನ ತಂಗಿ.

ಮುದುಕಿ ಸೆರಗು ಸರಿಮಾಡಿಕೊಂಡು ಹೊರಟಳು. ಸಂಜೆಯ ಬಸ್ಸಿಗೆ ಬಂದಾಗ ಅವಳ ಜೊತೆ ಅದೇ ಮೂಗಿನ, ಅದೇ ನಡಿಗೆಯ ಇನ್ನೊಬ್ಬ ಮುದುಕಿ ಇದ್ದಳು. ಒಬ್ಬಳ ಮಾತು ಮುಗಿಯಲು ಇನ್ನೊಬ್ಬಳು ಬಿಡುತ್ತಿರಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಕೂಡಿಯೇ ಮಾತಾಡಿದರು.

ವಾರದ ನಡುವೆ ನಮ್ಮ ಹಾಳೆಗಳನ್ನು ನೋಡಿದ ಬಸ್ ಆಫೀಸಿನ ಸಾಹೇಬರು ನಮ್ಮನ್ನು ಕರೆಸಿದರು. ಅವರು ಮೈಸೂರಿನ ಕಡೆಯವರು.

“ಏನಮ್ಮ ಇದು? ಒಂದೂರಿನ ಜನವೆಲ್ಲ ಒಟ್ಟಿಗೆ ಆಸ್ಪತ್ರೆಗೆ ಬಂದಿದ್ದಾರಲ್ಲ! ಊರಲ್ಲಿ ಕಾಯಿಲೆಗೀಯಿಲೆ ಹಬ್ಬಿದೆಯಾ?”

ನನ್ನ ತಂಗಿ ನೆಲ ನೋಡುತ್ತ ನಿಂತಳು. ಅವಳ ಭುಜ ಕುಣಿಯುತ್ತಿತ್ತು. ನಾನೇ ಎಲ್ಲ ಹೇಳಿದೆ.

“ಬಸ್ ನಿಲ್ಲಿಸೋ ಮಾತೇ ಇಲ್ವಲ್ಲಮ್ಮ!” ಎಂದರು ಸಾಹೇಬರು. “ಬೆಳಗಿನ ವೇಳೆ ಬದಲಾಯಿಸಬೇಕಾ ಅಂತ ನೋಡೋಕೆ ತಾನೇ ಕಳಿಸಿದ್ದು?” ಅಷ್ಟರಲ್ಲಿ ನನ್ನ ತಂಗಿಯ ನಗು ಕಟ್ಟೆ ಒಡೆಯಿತು. ಸಾಹೇಬರು ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟು, ಸೋತು, ತಾವೂ ನಕ್ಕರು. “ನಾಳೆ ನಾನೇ ಬರ್ತೀನಿ. ನೋಡೇಬಿಡೋಣ.”

ಬಂದರು. ಮರಳುವ ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಯಾರದೋ ಕೂಸು ಬಂತು, ಕೈಗೆ ರೊಟ್ಟಿ, ಶೇಂಗಾ ಚಟ್ನಿ ಬಂತು. ಏರಿನಲ್ಲಿ ಬಿಳಿ ಪ್ಯಾಂಟಿನ ಸಾಹೇಬರೂ ಇಳಿದು ನೂಕಿದರು. ಗಲಗಲಿಯಿಂದ ಬಸ್ಸು ಹೊರಡುವ ಮುಂಚೆಯೇ ಬೇವಿನ ಕಟ್ಟೆಯ ಬಳಿ ನಿಂತು, ಬಸ್ಸು ಬಂದಾಗುವುದಿಲ್ಲವೆಂದು ಎಲ್ಲರಿಗೂ ಅವರು ತಿಳಿಸಿ ಹೇಳಿದ್ದರು. ಜನ ಸಂತೋಷಪಡುತ್ತಾರೆಂದುಕೊಂಡಿದ್ದೆವು, ಆದರೆ ಎಲ್ಲರ ಮುಖ ಬಾಡಿತ್ತು.

“ಹಂಗಾರ ನಾಳಿಂದ ನಾವು ಬರೂದು ಬ್ಯಾಡೇನ್ರಿ?” ಎಂದು ಕೇಳಿದ್ದ ಕಬ್ಬಿನಜ್ಜ.

“ಬರಬೇಡಿ ಅಂದ್ನಾ? ಬನ್ನಿ, ಬನ್ನಿ,” ಎಂದಿದ್ದರು ಸಾಹೇಬರು ಗಾಬರಿಯಾಗಿ. ಕೂಡಲೇ ಎಲ್ಲರೂ ಹೋ ಎಂದು ಹತ್ತಿಬಿಟ್ಟಿದ್ದರು.

ಮುಂದೆ ಸಂತೆಯ ದಿನಕ್ಕೆ ಇನ್ನೊಂದು ಬಸ್ಸು ಬಂತು. ಅದರಲ್ಲಿ ನಾವಿಬ್ಬರೂ ಒಮ್ಮೆ ಗಲಗಲಿಗೆ, ಆ ಆಯಿಯ ಮನೆಗೆ ಊಟಕ್ಕೆ ಹೋದೆವು. ಅಕ್ಕ ತಂಗಿ ಮುದುಕಿಯರು ಒಂದೇ ಒಲೆಯ ಮುಂದೆ ಕೂತು, ಹೋಳಿಗೆಗೆ ಬೆಲ್ಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಓಣಿಗೆಲ್ಲ ಕೇಳುವಂತೆ ಜಗಳಾಡುತ್ತಿದ್ದರು. ಇಬ್ಬರೂ ನಮ್ಮನ್ನೇ ಪಂಚರನ್ನಾಗಿ ಮಾಡಿದರು. ನಾವು ಯಾರ ಪಕ್ಷವನ್ನೂ ವಹಿಸದೆ, ಬಾಯ್ತುಂಬ ಹೋಳಿಗೆ ಇಟ್ಟುಕೊಂಡು ತಲೆಯಾಡಿಸಿದೆವು.