ಒಂದೇ ರಟ್ಟಿನ ಮೇಲೆ ಎರಡು ವಂಶ

ಮಗಳ ಶಾಲೆಯ ಟೀಚರ್ ನಮ್ಮ ಮದುವೆಯ ವಿಷಯವನ್ನು ಯಾರಿಗಾದರೂ ಫೋನ್ ಮಾಡಿ ತಿಳಿಸಬಹುದಿತ್ತು. ಅದು ಬಾಯಿಂದ ಬಾಯಿಗೆ ಹೋಗಿ, ಮೂರು ವಾರದಲ್ಲಿ ಬರಲಿದ್ದ ಗ್ರೀನ್ ಕಾರ್ಡ್ ಇಂಟರ್‌ವ್ಯೂನಲ್ಲಿ ಅಧಿಕಾರಿ ಫೈಲು ಮುಚ್ಚಿ, ಕನ್ನಡಕ ತೆಗೆದು, "ಮದುವೆಗೆ ಮೊದಲು ಈಕೆ ನಿಮಗೆ ಏನಾಗಬೇಕಿತ್ತು?" ಎಂದು ಕೇಳಬಹುದಿತ್ತು. ಕ್ಲಾಸಿನ ಮಕ್ಕಳು ಮಗಳನ್ನು ನೋಡಿ ಮುಖ ಕಿವಿಚಬಹುದಿತ್ತು. ಅವಳು ಅಳುತ್ತ ಬಂದು ಇನ್ನು ಆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎನ್ನಬಹುದಿತ್ತು. ಯಾರೋ ಒಬ್ಬ ತಾಯಿ ನನ್ನ ಮಗಳ ಕೈಬೆರಳು ಸರಿಯಾಗಿ ಹತ್ತಿವೆಯೇ ಎಂದು ಓರೆಗಣ್ಣಿನಿಂದ ಎಣಿಸಬಹುದಿತ್ತು. ಹೆಂಡತಿ ಎಲ್ಲರೆದುರು ನನ್ನನ್ನು "ಮಾಮಾ" ಎಂದು ಕರೆಯಬಹುದಿತ್ತು. ಗೋಂದು ಒಣಗದೆ ಇಂಗ್ಲೆಂಡಿನ ಇಡೀ ರಾಜವಂಶ ಅವಳ ರಟ್ಟಿನಿಂದ ಕಳಚಿ ನೆಲಕ್ಕೆ ಬೀಳಬಹುದಿತ್ತು. ಮ್ಯಾನ್‌ಹಟನ್ನಿನಿಂದ ಬರುವ ನನ್ನ ರೈಲು ನದಿಯ ಕೆಳಗಿನ ಸುರಂಗದಲ್ಲಿ ನಿಂತುಬಿಡಬಹುದಿತ್ತು. ನಿಜ ಹೇಳಬೇಕೆಂದರೆ ಈ ಕೊನೆಯದೊಂದು ಆಗಲಿ ಎಂದು ಫ್ಲಶಿಂಗಿನ ದೇವಸ್ಥಾನದ ಗಣಪತಿಗೆ ಹರಕೆ ಹೊತ್ತಿದ್ದೆ.

ಇಂಥ ಪಟ್ಟಿ ಮಾಡುವುದಕ್ಕೇ ಆಗ ನನಗೆ ಸಂಬಳ ಬರುತ್ತಿತ್ತು. ಎರಡು ಸಾವಿರದ ಇಸವಿ ಹತ್ತಿರವಾಗುತ್ತಿತ್ತು. ಹಳೆಯ ಪ್ರೋಗ್ರಾಮುಗಳು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದುಕೊಂಡಿದ್ದರಿಂದ ಜನವರಿ ಒಂದರಂದು ಏನೇನು ಕೆಡಬಹುದೆಂದು ಪಟ್ಟಿ ಬರೆಯುವ ಗುಂಪಿನಲ್ಲಿ ನಾನಿದ್ದೆ. ಉಳಿದವರು ಸಂಜೆ ಐದಕ್ಕೆ ಹೆದರಿಕೆಯನ್ನು ಆಫೀಸಿನಲ್ಲಿ ಬಿಟ್ಟು ಹೋಗುತ್ತಿದ್ದರು. ನಾನು ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಜರ್ಸಿ ಸಿಟಿಯ ಅಪಾರ್ಟ್‌ಮೆಂಟಿಗೆ ತರುತ್ತಿದ್ದೆ.

ಹೆದರಿಕೆಗೆ ಕಾರಣವಿತ್ತು. ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಗದಗಿನ ಕಡೆ ಇದನ್ನು ಯಾರೂ ಎರಡು ಸಲ ಹೇಳುವುದಿಲ್ಲ. ಮನೆಯಲ್ಲಿ ಅಕ್ಕನ ಮಗಳಿರುವಾಗ ಹೊರಗಿನ ಹೆಣ್ಣು ತಂದರೆ ಅಕ್ಕನಿಗೆ ಅವಮಾನ. ನನಗಿಂತ ಹದಿನಾರು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಗಳನ್ನು ಬೇರೆ ಯಾರಿಗೆ ಕೊಟ್ಟಾಳು? ಆದರೆ ಅಮೆರಿಕಕ್ಕೆ ಬಂದ ಹೊಸತರಲ್ಲಿ ಆಫೀಸಿನ ಗೆಳೆಯನೊಬ್ಬನಿಗೆ ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ಅವನು ಬಾಯಲ್ಲಿದ್ದ ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿದ. ಮತ್ತೆ ಅಗಿಯಲು ಶುರುಮಾಡಲೇ ಇಲ್ಲ. ನಾನು ಲೈಬ್ರರಿಗೆ ಹೋಗಿ ಕಾನೂನಿನ ಪುಸ್ತಕ ತೆಗೆದೆ. ಈ ರಾಜ್ಯದಲ್ಲಿ ಅಂಥ ಮದುವೆ ಮಾಡಿಕೊಳ್ಳುವಂತಿಲ್ಲ ಎಂದಿತ್ತು. ನಮ್ಮದು ಗದಗಿನಲ್ಲಿ ಆದದ್ದು, ಹಾಗಾದರೆ ನಡೆಯುತ್ತದೆಯೇ ಇಲ್ಲವೇ? ವಕೀಲರನ್ನು ಕೇಳಿದರೆ ವಕೀಲರಿಗೂ ಗೊತ್ತಾಗಿಬಿಡುತ್ತದಲ್ಲ ಎಂದು ಕೇಳಲಿಲ್ಲ. ಅಂದಿನಿಂದ ಮನೆಯಲ್ಲಿ ಒಂದು ಕಟ್ಟುನಿಟ್ಟು: ಹೊಸ್ತಿಲು ದಾಟಿದ ಮೇಲೆ ನಾನು "ಮಾಮಾ" ಅಲ್ಲ, "ಏನ್ರೀ".

ಹೀಗಿರುವಾಗ ಏಳನೇ ತರಗತಿಯ ಮಗಳು ಇತಿಹಾಸದ ಪ್ರಾಜೆಕ್ಟ್ ತಂದಳು. ಒಂದು ದೊಡ್ಡ ರಟ್ಟು. ಅದರ ಬಲಗಡೆ ಮಧ್ಯಯುಗದ ಒಂದು ರಾಜವಂಶದ ವಂಶವೃಕ್ಷ, ಎಡಗಡೆ ಸ್ವಂತ ಕುಟುಂಬದ್ದು. ಗುರುವಾರ ಸಂಜೆ ತಂದೆತಾಯಿಗಳ ಎದುರು ಪ್ರದರ್ಶನ. ಅವಳಿಗೆ ಚೀಟಿಯಲ್ಲಿ ಬಂದದ್ದು ಇಂಗ್ಲೆಂಡಿನ ಪ್ಲಾಂಟಾಜೆನೆಟ್ ವಂಶ.

ಎಡಗಡೆಯನ್ನು ನಾನೇ ಮಾಡಿಕೊಡುತ್ತೇನೆಂದೆ. ಕಂಪ್ಯೂಟರಿನಲ್ಲಿ ಚೆಂದದ ಚೌಕಗಳನ್ನು ಬರೆದು, ಅಕ್ಕನನ್ನು ಎರಡು ಚೌಕಗಳಲ್ಲಿ ಹಾಕಿದೆ. ನನ್ನ ಪಕ್ಕದಲ್ಲಿ ತವರಿನ ಹೆಸರು, ಹೆಂಡತಿಯ ಮೇಲೆ ಗಂಡನ ಮನೆಯ ಹೆಸರು. ಇಬ್ಬರು ಬೇರೆ ಬೇರೆ ಹೆಂಗಸರು. ಡೇಟಾಬೇಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಮಗಳು ನೋಡಿ, "ಅಪ್ಪಾ, ದಿಸ್ ಈಸ್ ರಾಂಗ್. ಬೋತ್ ಆರ್ ಅಜ್ಜಿ," ಎಂದಳು.

"ಇರಲಿ ಪುಟ್ಟಿ, ನೋಡೋರಿಗೆ ಈಜಿ ಆಗ್ತದ."

"ಬಟ್ ಇಟ್ಸ್ ನಾಟ್ ಟ್ರೂ!"

ಭಾನುವಾರ ಬೆಳಿಗ್ಗೆ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗ ಮಗಳು ತನ್ನ ಮುರುಕು ಕನ್ನಡದಲ್ಲಿ ಚಾಡಿ ಹೇಳಿಯೇಬಿಟ್ಟಳು. ಸ್ಪೀಕರ್ ಆನ್ ಆಗಿತ್ತು.

"ತಮ್ಮಾ," ಎಂದಳು ಅಕ್ಕ. "ನನ್ನ ಎರಡ ಮಾಡೀಯಂತ?"

"ಹಂಗಲ್ಲಕ್ಕಾ, ಇಲ್ಲೆ ಜನ ಏನರ ತಿಳ್ಕೋತಾರ..."

"ನಿನ್ನ ಎತ್ತಿ ಆಡಿಸಿದಾಕಿ ಒಬ್ಬಾಕಿ, ನಿನಗ ಹೆಣ್ಣು ಕೊಟ್ಟಾಕಿ ಇನ್ನೊಬ್ಬಾಕಿ ಏನು? ನನ್ನ ತಮ್ಮ ಅಂತ ಹೇಳ್ಕೊಳ್ಳಾಕ ನಿನಗ ನಾಚಿಕಿ ಬಂತಾ, ನನ್ನ ಅಳಿಯಾ ಅಂತ ಹೇಳ್ಕೊಳ್ಳಾಕ ಬಂತಾ? ಅದೊಂದು ಹೇಳು."

ಫೋನಿಟ್ಟ ಮೇಲೆ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ತೀರ್ಪು ಕೊಟ್ಟಳು. "ಮಾಮಾ, ನಮ್ಮ ಕಡೀದಕ್ಕ ನೀವು ಕೈ ಹಚ್ಚಬ್ಯಾಡ್ರಿ. ಆಕಿ ಮಾಡ್ತಾಳ. ನೀವು ಆ ರಾಜಾಗೋಳ ಕಡೆ ಹೋಗ್ರಿ, ಅಲ್ಲೆ ಹೆದರಿಕೊಳ್ಳಾಕ ಏನೂ ಇಲ್ಲ."

ಹೋದೆ. ಮೂರು ದಿನ ರೈಲಿನಲ್ಲಿ ಲೈಬ್ರರಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದಿದೆ. ದೊರೆಗಳ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಬಂದ ಹಾಗೆ ಅವರಲ್ಲೂ ಮೂರು ನಾಲ್ಕು ಹೆಸರುಗಳೇ ಮುನ್ನೂರು ವರ್ಷ ಸುತ್ತುತ್ತವೆ. ಮೂಲಪುರುಷ ಟೋಪಿಯಲ್ಲಿ ಹಳದಿ ಹೂವಿನ ಕಡ್ಡಿ ಸಿಕ್ಕಿಸಿಕೊಳ್ಳುತ್ತಿದ್ದನಂತೆ, ಅದರಿಂದ ವಂಶಕ್ಕೆ ಆ ಹೆಸರು. ಅವನ ಮಗ ದೊರೆಯಾದ. ಆ ದೊರೆಯ ಮೇಲೆ ಅವನ ಮಕ್ಕಳೇ ದಂಡೆತ್ತಿ ಬಂದರು, ಮಕ್ಕಳ ಪರ ನಿಂತ ಹೆಂಡತಿಯನ್ನು ಅವನು ವರ್ಷಗಟ್ಟಲೆ ಸೆರೆಯಲ್ಲಿಟ್ಟ. ಕೊನೆಗೆ ಒಂದೇ ಬೇರಿನ ಎರಡು ಕವಲುಗಳು ಕಿರೀಟಕ್ಕಾಗಿ ಹೊಡೆದಾಡಿದವು. ಹೊಲದ ಬದುವಿಗೆ ಜಗಳವಾಡುವ ನಮ್ಮ ದಾಯಾದಿಗಳು ಎಷ್ಟೋ ಸಭ್ಯರು ಅನ್ನಿಸಿತು.

ಕೊನೆಯ ದೊರೆಯ ಕಥೆ ಓದುವಾಗ ಮಾತ್ರ ಪುಸ್ತಕವನ್ನು ಪಕ್ಕದವನಿಗೆ ಕಾಣದಂತೆ ಓರೆಮಾಡಿಕೊಂಡೆ. ತಂದೆ ಸತ್ತ ಇಬ್ಬರು ರಾಜಕುಮಾರರನ್ನು ಅವರ ಅಂಕಲ್ ಕೋಟೆಯಲ್ಲಿಟ್ಟ. ಹುಡುಗರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಕಿರೀಟ ಅವನ ತಲೆಗೇರಿತು. ಮುಂದೆ ತನ್ನ ರಾಣಿ ತೀರಿಕೊಂಡಾಗ ಆ ಹುಡುಗರ ಅಕ್ಕನನ್ನೇ ಮದುವೆಯಾಗುತ್ತಾನೆಂದು ಸುದ್ದಿ ಹಬ್ಬಿತು. ಜನ ಎಷ್ಟು ಹೇಸಿಕೊಂಡರೆಂದರೆ, ದೊರೆಯೇ ಎಲ್ಲರೆದುರು ನಿಂತು ಅಂಥ ಯೋಚನೆ ತನಗಿಲ್ಲವೆಂದು ಹೇಳಬೇಕಾಯಿತು. ಸೋದರಮಾವನ ಕಷ್ಟ ಸೋದರಮಾವನಿಗೇ ಗೊತ್ತು. ಐನೂರು ವರ್ಷದ ಹಿಂದಿನ ಆ ಕೊಲೆಗಡುಕನ ಮೇಲೆ ನನಗೆ ಕನಿಕರ ಹುಟ್ಟಿತು. ಒಬ್ಬ ದೊರೆಗೇ ಈ ಗತಿಯಾದರೆ ಡೇಟಾಬೇಸ್ ನೋಡಿಕೊಳ್ಳುವವನ ಪಾಡೇನು?

ಬುಧವಾರ ಸಂಜೆ ರಾಜವಂಶದ ಕೊನೆಯ ಸಾಲು ಅಂಟಿಸುತ್ತ ಕೂತಿದ್ದೆ. ಕೈ ಬಲಗಡೆ, ಕಣ್ಣು ಎಡಗಡೆ. ಅಲ್ಲಿ ಮಗಳು ನನ್ನ ಎರಡೂ ಚೌಕಗಳನ್ನು ಕಿತ್ತೆಸೆದು ಒಂದೇ ಒಂದು ದೊಡ್ಡ ಚೌಕದಲ್ಲಿ ಅಜ್ಜಿಯ ಫೋಟೊ ಅಂಟಿಸಿದ್ದಳು. ಅದರಿಂದ ಕೆಂಪು ಉಣ್ಣೆಯ ದಾರ ನನಗೆ, ಹಸಿರು ದಾರ ಅವಳ ತಾಯಿಗೆ. ಎರಡು ಬಣ್ಣಗಳೂ ಕೂಡಿ ಅವಳ ಹತ್ತಿರ ಬಂದು ಗಂಟಾಗಿದ್ದವು. ಬಸ್ಸಿನ ಕಿಟಕಿಯಿಂದಲೂ ಕಾಣುವಷ್ಟು ದಪ್ಪ ದಾರ.

"ಸ್ವಲ್ಪ ಸಣ್ಣ ದಾರ ಸಿಗಲಿಲ್ಲೇನು ಪುಟ್ಟಿ?"

"ಅಪ್ಪಾ. ರಿಲ್ಯಾಕ್ಸ್."

ಗುರುವಾರ ರೈಲು ಒಂದು ನಿಮಿಷವೂ ತಡವಾಗಲಿಲ್ಲ. ಶಾಲೆಯ ಊಟದ ಹಾಲಿನಲ್ಲಿ ಮೇಜುಗಳ ಮೇಲೆ ರಟ್ಟುಗಳು ನಿಂತಿದ್ದವು. ಟೀಚರ್ ಎತ್ತರದ, ಬೋಳುತಲೆಯ ಮನುಷ್ಯ. ಕೈಯಲ್ಲಿ ಸಣ್ಣ ನೋಟ್‌ಪ್ಯಾಡ್ ಹಿಡಿದು ಒಂದೊಂದೇ ಮೇಜಿಗೆ ಬರುತ್ತಿದ್ದ. ನಮಗಿಂತ ಮೂರು ಮೇಜು ಹಿಂದಿರುವಾಗಲೇ ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ. ಹೆಂಡತಿ ನನ್ನ ಕೋಟಿನ ತೋಳು ಎಳೆದು, "ಏನ್ರೀ, ನಿಂತಲ್ಲೆ ನಿಂದರ್ರಿ. ಬಾಗಲಾ ಯಾಕ ನೋಡ್ತೀರಿ?" ಎಂದು ಪಿಸುಗುಟ್ಟಿದಳು.

ಅವನು ಬಂದ. ಎಡಗಡೆಯ ಮುಂದೆ ನಿಂತ. ಪೆನ್ನಿನ ತುದಿಯಿಂದ ಕೆಂಪು ದಾರದ ಮೇಲೆ ನಡೆದ, ವಾಪಸು ಬಂದ, ಹಸಿರು ದಾರದ ಮೇಲೆ ನಡೆದ. ಪೆನ್ನು ಅಕ್ಕನ ಫೋಟೊದ ಮೇಲೆ ನಿಂತಿತು. ಸುತ್ತ ನಾಲ್ಕೈದು ಮಕ್ಕಳು ಕೂಡಿದರು. ಹಾಗಾದರೆ ನಿನ್ನ ಅಜ್ಜಿ ನಿನಗೆ ಅತ್ತೆಯೂ ಹೌದೇ, ಎಂದು ಕೇಳಿದ.

"ಯೆಸ್," ಎಂದಳು ಮಗಳು. ಊರಿನಿಂದ ಯಾರೇ ಬಂದರೂ ಅಜ್ಜಿ ತನಗೆ ಎರಡು ಡಬ್ಬಿ ಕರದಂಟು ಕಳಿಸುತ್ತಾಳೆ, ಒಂದು ಅಜ್ಜಿಯದು, ಇನ್ನೊಂದು ಅತ್ತೆಯದು, ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

ಅವಳು ಮುಗಿಸುವಷ್ಟರಲ್ಲಿ ನಾನು ಸಾಮಾನು ಕಟ್ಟಿ, ವಿಮಾನ ಹತ್ತಿ, ಗದಗಿನ ಸ್ಟೇಷನ್ನಿನಲ್ಲಿ ಇಳಿದೂ ಆಗಿತ್ತು.

"ನಾಟ್ ಫೇರ್," ಎಂದಳು ಪಕ್ಕದ ಮೇಜಿನ ಹುಡುಗಿ. "ಐ ಗೆಟ್ ಒನ್ಲಿ ಸಾಕ್ಸ್."

ಮಕ್ಕಳು ನಕ್ಕರು. ಟೀಚರ್ ಕೂಡ ನಕ್ಕ. ಆಮೇಲೆ ಬಲಗಡೆಗೆ ಹೋದ, ಹಳದಿ ಹೂವಿನಿಂದ ಕೆಳಗಿಳಿಯುತ್ತ ಬಂದ. ಕೊನೆಯ ಸಾಲಿನಲ್ಲಿ ಅವನ ನಗು ನಿಂತಿತು. ಹುಬ್ಬು ಗಂಟಿಕ್ಕಿ ಒಮ್ಮೆ ನನ್ನನ್ನೇ ನೋಡಿದ. ನೋಟ್‌ಪ್ಯಾಡಿನಲ್ಲಿ ಏನೋ ಉದ್ದಕ್ಕೆ ಬರೆದ. ಮುಂದಿನ ಮೇಜಿಗೆ ಹೋದ.

ಶುಕ್ರ, ಶನಿ, ಭಾನು ಮೂರು ದಿನವೂ ಆ ಬರಹ ಯಾವ ಇಲಾಖೆಗೆ ಹೋಗಿರಬಹುದೆಂದು ಯೋಚಿಸಿದೆ. ಶನಿವಾರ ಫ್ಲಶಿಂಗಿಗೂ ಹೋದೆವು. ದೇವಸ್ಥಾನದ ಕ್ಯಾಂಟೀನಿನ ದೋಸೆ ನನಗೆ ಇಳಿಯಲಿಲ್ಲ, ಅದನ್ನೂ ಹೆಂಡತಿಯೇ ತಿಂದಳು.

ಸೋಮವಾರ ಆಫೀಸಿನಿಂದ ಬಂದಾಗ ರಟ್ಟು ಗೋಡೆಗೆ ಆತುಕೊಂಡಿತ್ತು, ಮಗಳು ಸೋಫಾದಲ್ಲಿ ಕೈಕಟ್ಟಿ ಕೂತಿದ್ದಳು. ರಟ್ಟಿಗೆ ಸಿಕ್ಕಿಸಿದ್ದ ಹಾಳೆಯನ್ನು ನಿಂತಲ್ಲೇ ಓದಿದೆ. ಎಡಗಡೆಗೆ: ಸ್ಪಷ್ಟವಾಗಿದೆ, ಪ್ರಾಮಾಣಿಕವಾಗಿದೆ, ಪೂರ್ತಿ ಅಂಕ. ಬಲಗಡೆಗೆ ಕೆಂಪು ಶಾಯಿ: ಕೊನೆಯ ದೊರೆಯನ್ನು ನೀನು ರಾಜಕುಮಾರರ ತಾಯಿಯ, ಅಂದರೆ ರಾಣಿಯ, ತಮ್ಮನೆಂದು ತೋರಿಸಿದ್ದೀಯ. ಅವನು ರಾಜನ ತಮ್ಮ. ರಾಣಿಯ ತಮ್ಮನಾಗಿದ್ದರೆ ಅವನಿಗೆ ಕಿರೀಟ ಎಲ್ಲಿಂದ ಬರಬೇಕು?

"ಯೂ ಪುಟ್ ಹಿಮ್ ಆನ್ ದ ರಾಂಗ್ ಸೈಡ್, ಅಪ್ಪಾ! ಐ ಡಿಡ್ ಅವರ್ ಸೈಡ್ ರೈಟ್!"

ಪುಸ್ತಕ ತೆಗೆದು ನೋಡಿದೆ. ರಾಜನ ತಮ್ಮನೆಂದೇ ಇತ್ತು, ಒಂದಲ್ಲ, ಆರು ಕಡೆ. ಹುಡುಗಿಯನ್ನು ಮದುವೆಯಾಗಲು ಹೊರಟವನೆಂದು ಓದಿದ ಕೂಡಲೇ ನನ್ನ ಕೈ ಅವನನ್ನು ತಾನಾಗಿಯೇ ತಾಯಿಯ ಕಡೆ ಅಂಟಿಸಿತ್ತು. ಮತ್ತೆಲ್ಲಿ ಅಂಟಿಸುತ್ತಿತ್ತು? ಅಣ್ಣನ ಮಗಳೆಂದರೆ ಮಗಳೇ ಅಲ್ಲವೇ?

ದೊರೆಯ ಆ ಮದುವೆಯ ಸುದ್ದಿಯನ್ನು ನನ್ನ ಬಾಯಿಂದಲೇ ಕೇಳಿದ್ದ ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ಆ ಕೆಂಪು ಸಾಲನ್ನು ನಿಧಾನವಾಗಿ ಓದಿದಳು.

"ಅಂದ್ರ... ಆ ಹುಡುಗಿಗೆ ಅಂವ ಕಾಕಾ ಆಗಬೇಕಿತ್ತೇನ್ ಮಾಮಾ? ಛೀ! ಥೂ!"

ಐದು ಅಂಕ ಹೋಗಿತ್ತು.